ಸಮ್ಮತಿಪತ್ರದ ಕನ್ನಡ: ಆರೋಗ್ಯ ಸಂವಹನ ಮತ್ತು ಕನ್ನಡ ಅಧ್ಯಯನದ ಹೊಣೆ

೧

ಕನ್ನಡದ ವೈದ್ಯಸಾಹಿತ್ಯವನ್ನು ಕುರಿತು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಗಣನೀಯವಾದ ಕೆಲಸ ನಡೆದಿದೆ. ಕೀರ್ತಿವರ್ಮನ ‘ಗೋವೈದ್ಯ’, ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ಮಂಗರಾಜನ ‘ಖಗೇಂದ್ರಮಣಿದರ್ಪಣ’ ಮೊದಲಾದ ಕೃತಿಗಳು ಸಾಹಿತ್ಯ ಚರಿತ್ರೆಯಲ್ಲಿ ಶಾಸ್ತ್ರಸಾಹಿತ್ಯವೆಂಬ ಅಧ್ಯಾಯದೊಳಗೆ ಸ್ಥಾನ ಪಡೆದಿವೆ. ಜಾನಪದ ವಿದ್ವಾಂಸರು ನಾಟಿವೈದ್ಯದ ಪದಗಳನ್ನೂ ಆಚರಣೆಗಳನ್ನೂ ಸಂಗ್ರಹಿಸಿದ್ದಾರೆ. ಆದರೆ ಈ ಹೊತ್ತು ಕನ್ನಡದಲ್ಲಿ ಸಿದ್ಧವಾಗುತ್ತಿರುವ ವೈದ್ಯಬರಹದ ಒಂದು ದೊಡ್ಡ ರಾಶಿ ನಮ್ಮ ಅಧ್ಯಯನದ ಪರಿಧಿಯ ಹೊರಗೇ ಉಳಿದಿದೆ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ಮುಂದಿಡುವ ಸಮ್ಮತಿಪತ್ರ, ಹೊಸ ಔಷಧದ ಪ್ರಯೋಗದಲ್ಲಿ ಪಾಲ್ಗೊಳ್ಳುವವರಿಗೆ ನೀಡುವ ಮಾಹಿತಿಪತ್ರ, ರೋಗಿಯು ತನ್ನ ನೋವಿಗೆ ತಾನೇ ಅಂಕ ಕೊಡಬೇಕಾದ ಪ್ರಶ್ನಾವಳಿ, ಲಸಿಕೆಯ ಕರಪತ್ರ, ಔಷಧ ಕಂಪನಿಗಳು ಹಂಚುವ ‘ರೋಗಿ ಶಿಕ್ಷಣ’ದ ಕಿರುಹೊತ್ತಿಗೆ ಇವೆಲ್ಲವೂ ಕನ್ನಡದ ಪಠ್ಯಗಳೇ. ಇವನ್ನು ಓದಿಯೋ ಓದಿಸಿಕೊಂಡೋ ಜನರು ತಮ್ಮ ದೇಹದ ಬಗೆಗೆ ತೀರ್ಮಾನ ಕೈಗೊಳ್ಳುತ್ತಾರೆ, ಹೆಬ್ಬೆಟ್ಟು ಒತ್ತುತ್ತಾರೆ. ಕನ್ನಡದಲ್ಲಿ ಇಷ್ಟು ನೇರವಾದ ಪರಿಣಾಮವುಳ್ಳ ಬರಹ ಬೇರೆ ವಿರಳ. ಆದರೂ ಇದನ್ನು ಓದುವ, ವಿಶ್ಲೇಷಿಸುವ, ಪ್ರಶ್ನಿಸುವ ಕನ್ನಡ ವಿದ್ವಾಂಸರು ಇಲ್ಲವೆನ್ನುವಷ್ಟು ಕಡಿಮೆ.

ಈ ಲೇಖಕಿಯು ಸಂಶೋಧನೆಯ ಜೊತೆಜೊತೆಗೇ ಕೆಲವು ವರ್ಷಗಳಿಂದ ಆರೋಗ್ಯ ಸಂವಹನ ಕ್ಷೇತ್ರದಲ್ಲಿ ಭಾಷಾ ಸಲಹೆಗಾರ್ತಿಯಾಗಿ ಕೆಲಸ ಮಾಡುತ್ತಿದ್ದಾಳೆ. ಆ ಅನುಭವದಿಂದ ಮೂಡಿದ ಒಂದು ಅಭಿಪ್ರಾಯವನ್ನು ಇಲ್ಲಿ ಮಂಡಿಸಲಾಗಿದೆ. ಆಸ್ಪತ್ರೆಯ ಕನ್ನಡ ಅರ್ಥವಾಗುವುದಿಲ್ಲವೆಂಬ ದೂರು ಹಳೆಯದು. ಕನ್ನಡದಲ್ಲಿ ಪದಗಳಿಲ್ಲ ಎಂಬುದನ್ನೋ, ಅನುವಾದಕರಿಗೆ ಕನ್ನಡ ಬಾರದು ಎಂಬುದನ್ನೋ ಅದಕ್ಕೆ ಕಾರಣವಾಗಿ ಹೇಳುವುದು ರೂಢಿ. ನನ್ನ ದೃಷ್ಟಿಯಲ್ಲಿ ಇವೆರಡೂ ಮುಖ್ಯ ಕಾರಣಗಳಲ್ಲ. ಈ ಬರಹಗಳು ಸಿದ್ಧವಾಗುವ ವ್ಯವಸ್ಥೆಯಲ್ಲಿ ಕನ್ನಡ ಪಠ್ಯವು ಉತ್ತರದಾಯಿಯಾಗಿರುವುದು ಕನ್ನಡ ಓದುಗನಿಗಲ್ಲ, ಇಂಗ್ಲಿಷ್ ಮೂಲಕ್ಕೆ. ಕ್ಲಿಷ್ಟತೆ ಅಲ್ಲಿ ಆಕಸ್ಮಿಕ ದೋಷವಲ್ಲ. ವ್ಯವಸ್ಥೆಯೇ ಅದನ್ನು ಬೇಡುತ್ತದೆ, ಪ್ರಮಾಣೀಕರಿಸುತ್ತದೆ.

೨

ಮೊದಲಿಗೆ ಈ ಕೆಲಸದ ಸ್ವರೂಪವನ್ನು ವಿವರಿಸುವುದು ಅಗತ್ಯ. ಔಷಧ ಪ್ರಯೋಗವೊಂದರ ಪ್ರಾಯೋಜಕ ಸಂಸ್ಥೆ ಬಹುಮಟ್ಟಿಗೆ ಹೊರದೇಶದ್ದೋ ಹೊರರಾಜ್ಯದ್ದೋ ಆಗಿರುತ್ತದೆ. ಅದು ಪ್ರಯೋಗವನ್ನು ನಡೆಸಿಕೊಡುವ ಹೊಣೆಯನ್ನು ಇನ್ನೊಂದು ಸಂಸ್ಥೆಗೂ, ಆ ಸಂಸ್ಥೆ ಭಾಷಾಂತರವನ್ನು ಭಾಷಾಸೇವೆಯ ಏಜೆನ್ಸಿಗೂ ವಹಿಸುತ್ತದೆ. ಏಜೆನ್ಸಿಯಿಂದ ಅದು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕುಳಿತ ಅನುವಾದಕರ ಕೈಗೆ, ಪದಕ್ಕೆ ಇಷ್ಟು ಎಂಬ ದರದಲ್ಲಿ, ಎರಡು ಮೂರು ದಿನಗಳ ಗಡುವಿನೊಡನೆ ಬಂದು ತಲುಪುತ್ತದೆ. ಅನುವಾದಕರು ರೋಗಿಯನ್ನು ಕಾಣುವುದಿಲ್ಲ. ರೋಗಿಯೊಡನೆ ಮಾತನಾಡುವ ವೈದ್ಯರು ಅನುವಾದಕರನ್ನು ಕಾಣುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಮೊದಲ ಕರಡನ್ನು ಯಂತ್ರಾನುವಾದದಿಂದ ಪಡೆದು, ಅದನ್ನು ತಿದ್ದಿಕೊಡಿ ಎಂದು ಕೇಳುವುದೂ ಹೆಚ್ಚಾಗಿದೆ.

ಅನುವಾದಕರಿಗೂ ಸಲಹೆಗಾರರಿಗೂ ವ್ಯತ್ಯಾಸವಿದೆ. ಅನುವಾದಕರು ಕೊಟ್ಟ ವಾಕ್ಯವನ್ನು ಕನ್ನಡಕ್ಕೆ ತರುತ್ತಾರೆ. ಈ ವಾಕ್ಯ ಕನ್ನಡದಲ್ಲಿ ಏನು ಕೆಲಸ ಮಾಡಬೇಕು, ಯಾರಿಗೆ, ಯಾವ ಸಂದರ್ಭದಲ್ಲಿ ಎಂದು ಕೇಳುವ ಅವಕಾಶ ಸಲಹೆಗಾರರಿಗೆ ಇರುತ್ತದೆ. ಇಂಗ್ಲಿಷ್ ಮೂಲವೇ ಅಸ್ಪಷ್ಟವಾಗಿದೆ, ಅದನ್ನು ಬದಲಿಸಿ ಎನ್ನುವ ಅವಕಾಶವೂ ಒಮ್ಮೊಮ್ಮೆ ದೊರೆಯುತ್ತದೆ. ಪಠ್ಯವಿಮರ್ಶೆ, ಶೈಲಿಶಾಸ್ತ್ರ, ಉಪಭಾಷಾ ಅಧ್ಯಯನ, ಭಾಷಾಂತರ ಸಿದ್ಧಾಂತ ಎಂದು ಕನ್ನಡ ಸ್ನಾತಕೋತ್ತರ ತರಗತಿಗಳಲ್ಲಿ ಕಲಿತದ್ದೆಲ್ಲವೂ ಇಲ್ಲಿ ಬಳಕೆಗೆ ಬರುತ್ತದೆ. ಆದರೆ ಈ ಅವಕಾಶವನ್ನು ಬಹುಬೇಗನೆ ಸಂಕುಚಿತಗೊಳಿಸುವ ಒಂದು ವಿಧಾನವಿದೆ. ಅದೇ ಹಿಮ್ಮುಖ ಅನುವಾದ.

೩

ಕನ್ನಡಕ್ಕೆ ಬಂದ ಪಠ್ಯವನ್ನು, ಇಂಗ್ಲಿಷ್ ಮೂಲವನ್ನು ನೋಡದ ಇನ್ನೊಬ್ಬ ಅನುವಾದಕರಿಂದ ಮತ್ತೆ ಇಂಗ್ಲಿಷಿಗೆ ತರಿಸುವುದು, ಎರಡು ಇಂಗ್ಲಿಷ್ ಪಠ್ಯಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ಹಿಮ್ಮುಖ ಅನುವಾದದ ಕ್ರಮ. ಸಂಸ್ಕೃತಿಗಳ ನಡುವಣ ತೌಲನಿಕ ಮನೋವಿಜ್ಞಾನದ ಸಂಶೋಧನೆಗೆಂದು ರಿಚರ್ಡ್ ಬ್ರಿಸ್ಲಿನ್ ೧೯೭೦ರಲ್ಲಿ ಇದನ್ನು ವ್ಯವಸ್ಥಿತವಾಗಿ ನಿರೂಪಿಸಿದರು. ಇಂದು ಅದು ಔಷಧೋದ್ಯಮದ ದಿನನಿತ್ಯದ ವಿಧಿ. ಸಮ್ಮತಿಪತ್ರದೊಡನೆ ಹಿಮ್ಮುಖ ಅನುವಾದದ ಪ್ರಮಾಣಪತ್ರವನ್ನೂ ನೈತಿಕ ಸಮಿತಿಯ ಮುಂದಿಡುವುದು ರೂಢಿಯಾಗಿದೆ. ಕನ್ನಡವನ್ನು ಅರಿಯದ ಪರಿಶೀಲಕನೂ ಕನ್ನಡ ಪಠ್ಯದ ಗುಣಮಟ್ಟವನ್ನು ನಿರ್ಣಯಿಸಬಲ್ಲ ಎಂಬುದು ಈ ವಿಧಾನದ ಆಕರ್ಷಣೆ. ಅದರ ದೋಷವೂ ಅದೇ.

ಒಂದು ಮಾದರಿ ಉದಾಹರಣೆಯನ್ನು ಗಮನಿಸಬಹುದು. ಔಷಧವೊಂದರಿಂದ ಮನಸ್ಸು ಕುಗ್ಗುವ ಅಪಾಯವಿದೆ ಎಂದು ತಿಳಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ‘ಮನಸ್ಸಿಗೆ ತೀರಾ ಬೇಜಾರಾಗುವುದು, ಯಾವುದರಲ್ಲೂ ಮನಸ್ಸಿಲ್ಲದಂತಾಗುವುದು’ ಎಂದು ಬರೆದರೆ ಓದು ಬಾರದವರಿಗೂ ಕೇಳಿದೊಡನೆ ತಿಳಿಯುತ್ತದೆ. ಆದರೆ ‘ಬೇಜಾರು’ ಎಂಬ ಪದದ ಅರ್ಥವ್ಯಾಪ್ತಿ ವಿಶಾಲ. ಹೊತ್ತು ಹೋಗದಿರುವುದು, ಜಿಗುಪ್ಸೆ, ದುಃಖ, ನೊಂದುಕೊಳ್ಳುವಿಕೆ ಎಲ್ಲವೂ ಅದರೊಳಗಿವೆ. ಹಿಮ್ಮುಖ ಅನುವಾದಕರು ಅದನ್ನು ಹೊತ್ತು ಹೋಗದಿರುವಿಕೆ ಎಂಬರ್ಥದ ಇಂಗ್ಲಿಷ್ ಪದಕ್ಕೆ ಇಳಿಸುತ್ತಾರೆ. ಪರಿಶೀಲಕನಿಂದ ಆಕ್ಷೇಪಣೆ ಬರುತ್ತದೆ. ‘ಬೇಜಾರು’ ಹೋಗಿ ‘ಖಿನ್ನತೆ’ ಬರುತ್ತದೆ. ‘ಖಿನ್ನತೆ’ಯು ಮರಳಿ ಇಂಗ್ಲಿಷಿಗೆ ಹೋದಾಗ ಅಪೇಕ್ಷಿತ ಪದವೇ ದೊರೆಯುತ್ತದೆ, ಪಠ್ಯ ‘ನಿಖರ’ವೆನಿಸಿಕೊಳ್ಳುತ್ತದೆ. ಅನುವಾದಕರಿಬ್ಬರೂ ಒಂದೇ ನಿಘಂಟನ್ನು ಬಳಸಿದ್ದರೆ ಇಂಥ ಹೊಂದಾಣಿಕೆ ಸುಲಭಸಾಧ್ಯ. ಕನ್ನಡದ ರೋಗಿಗೆ ಏನು ತಿಳಿಯಿತು ಎಂಬ ಪ್ರಶ್ನೆ ಈ ಇಡೀ ವಿನಿಮಯದಲ್ಲಿ ಎಲ್ಲಿಯೂ ಏಳುವುದಿಲ್ಲ.

ಹೀಗೆ ಇಂಗ್ಲಿಷಿನ ಒಂದೊಂದು ಪದಕ್ಕೆ ಒಂದೊಂದು ಸಂಸ್ಕೃತ ಪದವನ್ನು ಗಂಟುಹಾಕಿದ ಕನ್ನಡ ಹಿಮ್ಮುಖ ಅನುವಾದದಲ್ಲಿ ಸದಾ ಉತ್ತೀರ್ಣವಾಗುತ್ತದೆ. ಕನ್ನಡದ ಜಾಯಮಾನಕ್ಕೆ ಒಗ್ಗಿದ ಕನ್ನಡ ಅನುಮಾನಕ್ಕೆ ಒಳಗಾಗುತ್ತದೆ. ಅನುಭವಿ ಅನುವಾದಕರು ಇದನ್ನು ಬೇಗನೆ ಕಲಿಯುತ್ತಾರೆ. ಆಕ್ಷೇಪಣೆಗೆ ಉತ್ತರ ಬರೆಯುವ ಕಾಲಕ್ಕೆ ಸಂಭಾವನೆ ಇಲ್ಲವಾದ್ದರಿಂದ, ಆಕ್ಷೇಪಣೆ ಬಾರದ ಕನ್ನಡವನ್ನೇ ಬರೆಯತೊಡಗುತ್ತಾರೆ. ‘ಚೀಟಿ ಎತ್ತಿದ ಹಾಗೆ, ಯಾರಿಗೆ ಯಾವ ಔಷಧ ಎಂಬುದು ಮೊದಲೇ ಗೊತ್ತಿರುವುದಿಲ್ಲ’ ಎನ್ನಬಹುದಾದಲ್ಲಿ ‘ಯಾದೃಚ್ಛಿಕವಾಗಿ ನಿಯೋಜಿಸಲ್ಪಡುವಿರಿ’ ಎಂಬುದು ಉಳಿಯುವುದು ಹೀಗೆ.

ಇಲ್ಲಿ ಇನ್ನೊಂದು ಸಂಗತಿ ಹೆಚ್ಚು ಗಂಭೀರವಾದುದು. ರೋಗಿಯೇ ಉತ್ತರಿಸುವ ಪ್ರಶ್ನಾವಳಿಗಳ ವಿಷಯದಲ್ಲಿ ಹಿಮ್ಮುಖ ಅನುವಾದ ಸಾಲದೆಂದು ಈ ಉದ್ಯಮವೇ ಒಪ್ಪಿಕೊಂಡಿದೆ. ೨೦೦೫ರಲ್ಲಿ ಪ್ರಕಟವಾದ ‘ಇಸ್ಪಾರ್’ ಸಂಸ್ಥೆಯ ಮಾರ್ಗಸೂಚಿಗಳು, ಅನುವಾದಿತ ಪ್ರಶ್ನಾವಳಿಯನ್ನು ಆ ಭಾಷೆಯ ಐದರಿಂದ ಎಂಟು ಮಂದಿ ರೋಗಿಗಳ ಮುಂದಿಟ್ಟು, ಅವರು ಪ್ರತಿಯೊಂದು ಪ್ರಶ್ನೆಯನ್ನು ಹೇಗೆ ತಿಳಿದುಕೊಂಡರೆಂದು ಕೇಳಬೇಕೆಂದು ಸೂಚಿಸುತ್ತವೆ. ಅಂಥ ಸಭೆಗಳಲ್ಲಿ ಕುಳಿತವರಿಗೆ ಅದರ ಪ್ರಯೋಜನ ಗೊತ್ತು. ಪುಸ್ತಕದ ಪದವನ್ನು ಬದಿಗಿಟ್ಟು ರೋಗಿ ತನ್ನ ಪದವನ್ನು ಹೇಳುತ್ತಾನೆ, ಪಠ್ಯ ತಿದ್ದಿಕೊಳ್ಳುತ್ತದೆ. ಆದರೆ ಸಮ್ಮತಿಪತ್ರಕ್ಕೆ ಇಂಥ ಪರೀಕ್ಷೆ ಸಾಮಾನ್ಯವಾಗಿ ನಡೆಯುವುದಿಲ್ಲ. ರೋಗಿಯ ಉತ್ತರ ಸಂಸ್ಥೆಗೆ ದತ್ತಾಂಶವಾಗಿ ಬೇಕಾದ ಕಡೆ ಅವನಿಗೆ ಅರ್ಥವಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ರೋಗಿಯು ತನ್ನ ರಕ್ಷಣೆಗಾಗಿ ಅರ್ಥಮಾಡಿಕೊಳ್ಳಬೇಕಾದ ಕಡೆ ಇಂಗ್ಲಿಷಿಗೆ ಇಂಗ್ಲಿಷ್ ಹೊಂದಿದರೆ ಸಾಕೆನ್ನುತ್ತಾರೆ. ಈ ಅಸಮಾನತೆಯನ್ನು ಕೇವಲ ತಾಂತ್ರಿಕ ಲೋಪವೆಂದು ಕರೆಯಲಾಗದು. ಇದು ಭಾಷಿಕ ಯಜಮಾನಿಕೆಯ ಪ್ರಶ್ನೆ.

೪

ಕಾನೂನಿನ ಆಶಯ ಇದಕ್ಕೆ ವಿರುದ್ಧವಾಗಿದೆ ಎಂಬುದು ಗಮನಾರ್ಹ. ‘ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು, ೨೦೧೯’ ಪಾಲ್ಗೊಳ್ಳುವವರಿಗೆ ಮಾಹಿತಿಯನ್ನು ಬಾಯ್ಮಾತಿನಲ್ಲೂ ಬರಹದಲ್ಲೂ ನೀಡಬೇಕೆಂದೂ, ಅದರ ಭಾಷೆ ತಾಂತ್ರಿಕವಲ್ಲದ, ಅವರಿಗೆ ಅರ್ಥವಾಗುವ ಭಾಷೆಯಾಗಿರಬೇಕೆಂದೂ ವಿಧಿಸುತ್ತವೆ. ಓದಲು ಬಾರದವರ ವಿಷಯದಲ್ಲಿ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರು ಹಾಜರಿರಬೇಕು. ಚಿಕಿತ್ಸೆಯ ಸಂದರ್ಭದಲ್ಲಿಯೂ ಸಮ್ಮತಿ ನೈಜವಾಗಿರಬೇಕು, ಸಾಕಷ್ಟು ಮಾಹಿತಿಯನ್ನು ಆಧರಿಸಿರಬೇಕು ಎಂದು ಸರ್ವೋಚ್ಚ ನ್ಯಾಯಾಲಯ ೨೦೦೮ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಅಂದರೆ ಕಾನೂನು ಕೇಳುತ್ತಿರುವುದು ಅರ್ಥವಾಗುವಿಕೆಯನ್ನು. ನಾವು ಒದಗಿಸುತ್ತಿರುವುದು ಹೊಂದಿಕೆಯ ಪ್ರಮಾಣಪತ್ರವನ್ನು.

ಸಮ್ಮತಿ ಬರಿಯ ಔಪಚಾರಿಕತೆಯಾದಾಗ ಏನಾಗುತ್ತದೆ ಎಂಬುದಕ್ಕೆ ನೆರೆಯ ರಾಜ್ಯದ ನಿದರ್ಶನವಿದೆ. ೨೦೦೯ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರಾದಲ್ಲೂ ಗರ್ಭಕಂಠದ ಕ್ಯಾನ್ಸರಿಗೆ ಸಂಬಂಧಿಸಿದ ಎಚ್.ಪಿ.ವಿ. ಲಸಿಕೆಯ ಅಧ್ಯಯನವೊಂದು ಆರಂಭವಾಯಿತು. ೨೦೧೦ರಲ್ಲಿ ಸರಕಾರ ಅದನ್ನು ಸ್ಥಗಿತಗೊಳಿಸಿತು. ಹುಡುಗಿಯರ ಪೋಷಕರ ಪರವಾಗಿ ಹಾಸ್ಟೆಲಿನ ಮೇಲ್ವಿಚಾರಕರು ಸಹಿ ಮಾಡಿದ್ದನ್ನು ಸಂಸತ್ತಿನ ಸ್ಥಾಯಿ ಸಮಿತಿಯು ೨೦೧೩ರ ತನ್ನ ವರದಿಯಲ್ಲಿ ಕಟುವಾಗಿ ಟೀಕಿಸಿತು. ಲಸಿಕೆಯ ಗುಣಾವಗುಣಗಳ ಚರ್ಚೆ ಬೇರೆ. ತಮಗೆ ಹಾಕುತ್ತಿರುವುದು ಏನು ಎಂಬುದು ಆ ಕುಟುಂಬಗಳಿಗೆ ಅವರ ಮಾತಿನಲ್ಲಿ ತಲುಪಿತ್ತೇ ಎಂಬುದು ನಮ್ಮಂಥವರು ಕೇಳಬೇಕಾದ ಪ್ರಶ್ನೆ.

೨೦೧೩ರಲ್ಲಿ ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದ ಮೇರೆಗೆ ಔಷಧ ಪ್ರಯೋಗಗಳಲ್ಲಿ ಸಮ್ಮತಿ ಪಡೆಯುವ ಪ್ರಕ್ರಿಯೆಯನ್ನು ಧ್ವನಿ ಮತ್ತು ದೃಶ್ಯ ಸಹಿತ ಮುದ್ರಿಸುವುದು ಕಡ್ಡಾಯವಾಯಿತು. ೨೦೧೫ರಲ್ಲಿ ಅದನ್ನು ಹೊಸ ರಾಸಾಯನಿಕ ಘಟಕಗಳ ಪ್ರಯೋಗದಲ್ಲಿ ಪಾಲ್ಗೊಳ್ಳುವ ದುರ್ಬಲ ವರ್ಗದವರಿಗೆ ಮಿತಿಗೊಳಿಸಲಾಯಿತು. ಒಳ್ಳೆಯ ಕ್ರಮವೇ ಸರಿ. ಆದರೆ ಕನ್ನಡ ಸಂವಾದದ ರೀತಿಯನ್ನು ಬಲ್ಲವರಿಗೆ ಅದರ ಮಿತಿಯೂ ತಿಳಿಯುತ್ತದೆ. ವೈದ್ಯರು ವಾಕ್ಯ ವಾಕ್ಯಕ್ಕೂ ‘ತಿಳಿಯಿತೇ’ ಎನ್ನುತ್ತಾರೆ, ರೋಗಿ ‘ಹೂಂ’ ಎನ್ನುತ್ತಾನೆ. ಕಥೆ ಕೇಳುವವನು ಹೂಂಗುಟ್ಟುತ್ತಿರಬೇಕೆಂಬುದು ನಮ್ಮ ಜನಪದ ಕಥನದ ಕಟ್ಟಳೆ. ಆ ‘ಹೂಂ’ ಎಂದರೆ ಕೇಳಿಸಿಕೊಳ್ಳುತ್ತಿದ್ದೇನೆ, ಮುಂದುವರಿಸಿ ಎಂದು ಮಾತ್ರ. ತಿಳಿಯಿತು ಎಂದಲ್ಲ, ಒಪ್ಪಿದೆ ಎಂದಂತೂ ಅಲ್ಲ. ವಿದ್ಯೆಯಲ್ಲಿ, ಜಾತಿಯಲ್ಲಿ, ಹಣದಲ್ಲಿ ತನಗಿಂತ ಮೇಲಿನವರ ಎದುರು ಕುಳಿತಾಗ ‘ಹೂಂ’ ಎನ್ನುವುದು ವಿನಯದ ಗುರುತೂ ಹೌದು. ಈ ಭೇದವನ್ನು ಬಿಡಿಸಿ ಹೇಳಬಲ್ಲವರು ಭಾಷೆಯನ್ನು ಅಧ್ಯಯನ ಮಾಡಿದವರು.

೫

ಸಮ್ಮತಿಪತ್ರದ ಕನ್ನಡವನ್ನು ವ್ಯಾಕರಣದ ನೆಲೆಯಿಂದ ನೋಡಿದರೆ ಪದಗಳಿಗಿಂತ ವಾಕ್ಯರಚನೆಯೇ ದೊಡ್ಡ ತೊಡಕೆಂದು ಕಾಣುತ್ತದೆ. ‘ನಿಮ್ಮ ರಕ್ತದ ಮಾದರಿಯು ಸಂಗ್ರಹಿಸಲ್ಪಡುತ್ತದೆ ಹಾಗೂ ವಿಶ್ಲೇಷಣೆಗೆ ಒಳಪಡಿಸಲ್ಪಡುತ್ತದೆ’ ಎಂಬ ಬಗೆಯ ಕರ್ಮಣಿ ಪ್ರಯೋಗ ಪುಟಪುಟದಲ್ಲೂ ಸಿಗುತ್ತದೆ. ಕರ್ತೃವನ್ನು ಹೇಳದೆ ಕ್ರಿಯೆಯನ್ನು ಹೇಳಲು ಕನ್ನಡದಲ್ಲಿ ‘ರಕ್ತ ತೆಗೆದು ಪರೀಕ್ಷೆ ಮಾಡುತ್ತಾರೆ’ ಎಂಬ ಸಹಜ ಮಾರ್ಗವಿದೆ. ಆ ‘-ಆರೆ’ ಪ್ರತ್ಯಯದ ಹಿಂದೆ ಯಾರೋ ಮನುಷ್ಯರಿದ್ದಾರೆ. ಯಾರು ಎಂದು ಕೇಳಬಹುದು. ‘-ಲ್ಪಡು’ವಿನಲ್ಲಿ ಆ ಮನುಷ್ಯರೂ ಮರೆಯಾಗುತ್ತಾರೆ. ರಕ್ತ ತೆಗೆಯುವವರು ಒಬ್ಬರು, ಅದು ಹೋಗಿ ಸೇರುವ ಪ್ರಯೋಗಾಲಯ ಇನ್ನೊಂದು, ಫಲಿತಾಂಶದ ಒಡೆಯರು ಮತ್ತೊಬ್ಬರು ಆಗಿರುವ ಸಂದರ್ಭದಲ್ಲಿ ಇದು ಬರಿಯ ಶೈಲಿಯ ಪ್ರಶ್ನೆಯಲ್ಲ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ.ಎನ್. ಶಂಕರ ಭಟ್ಟರು ಎತ್ತಿದ ಚರ್ಚೆಯನ್ನು ನಾವು ಬಹುಮಟ್ಟಿಗೆ ಲಿಪಿ ಮತ್ತು ಬರವಣಿಗೆಯ ವಿವಾದವಾಗಿ ಮಾತ್ರ ಕಂಡೆವು. ಅದು ಆಸ್ಪತ್ರೆಯ ಮೇಜಿನ ಮೇಲೂ ಇತ್ತು.

ವಾಕ್ಯದ ದಿಕ್ಕಿನ ತೊಡಕು ಇನ್ನೊಂದು. ಇಂಗ್ಲಿಷಿನಲ್ಲಿ ಮುಖ್ಯ ಕ್ರಿಯೆ ಮೊದಲು ಬಂದು ಷರತ್ತುಗಳು ಹಿಂಬಾಲಿಸುತ್ತವೆ. ಅದೇ ವಾಕ್ಯವನ್ನು ಒಂದೇ ವಾಕ್ಯವಾಗಿ ಕನ್ನಡಕ್ಕೆ ತಂದರೆ ಷರತ್ತುಗಳೆಲ್ಲ ಮುಂದಕ್ಕೆ ಬಂದು, ಕ್ರಿಯಾಪದ ತುದಿಯಲ್ಲಿ ನಿಲ್ಲುತ್ತದೆ. ‘ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು. ಕಾರಣ ಹೇಳಬೇಕಾಗಿಲ್ಲ. ಬಿಟ್ಟರೆ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ’ ಎಂದು ಮೂರು ವಾಕ್ಯಗಳಲ್ಲಿ ಹೇಳಬಹುದಾದದ್ದು, ‘ಯಾವುದೇ ಕಾರಣವನ್ನು ನೀಡದೆಯೇ ಹಾಗೂ ವೈದ್ಯಕೀಯ ಆರೈಕೆ ಅಥವಾ ಕಾನೂನಾತ್ಮಕ ಹಕ್ಕುಗಳು ಬಾಧಿತವಾಗದಂತೆ ಭಾಗವಹಿಸುವಿಕೆಯಿಂದ ಹಿಂತೆಗೆದುಕೊಳ್ಳಲು ಸ್ವತಂತ್ರರಾಗಿರುತ್ತೀರಿ’ ಎಂದಾಗುತ್ತದೆ. ಇಡೀ ಪತ್ರದಲ್ಲಿ ರೋಗಿಗೆ ಅತ್ಯಂತ ಮುಖ್ಯವಾದ ವಾಕ್ಯ ಇದೇ. ಅದೇ ಅತ್ಯಂತ ದುರ್ಗಮವಾಗಿರುತ್ತದೆ.

ಒಂದೇ ಪಠ್ಯದೊಳಗೆ ಭಾಷೆಯ ಸ್ತರಗಳು ಹಂಚಿಕೆಯಾಗುವ ರೀತಿಯನ್ನೂ ಗಮನಿಸಬೇಕು. ಔಷಧದ ಉಪಯೋಗವನ್ನು ಹೇಳುವಾಗ ಕರಪತ್ರದ ಕನ್ನಡ ಆಡುಮಾತಿಗೆ ಹತ್ತಿರವಾಗಿ, ಸ್ನೇಹಪರವಾಗಿ ಇರುತ್ತದೆ. ಅಪಾಯವನ್ನು ಹೇಳುವ ಭಾಗಕ್ಕೆ ಬಂದೊಡನೆ ‘ಪ್ರತಿಕೂಲ ಘಟನೆ’, ‘ಅತಿಸಂವೇದನಾಶೀಲ ಪ್ರತಿಕ್ರಿಯೆ’, ‘ಯಕೃತ್ತಿನ ವೈಫಲ್ಯ’ ಎಂದು ಗ್ರಾಂಥಿಕವಾಗುತ್ತದೆ. ನಾನು ನೋಡಿದ ಕರಪತ್ರಗಳಲ್ಲಿ ಇದು ಮತ್ತೆ ಮತ್ತೆ ಕಾಣುವ ವಿನ್ಯಾಸ. ಯಾರೂ ಕುಳಿತು ಹೀಗೆ ಮಾಡೋಣವೆಂದು ಯೋಚಿಸುವುದಿಲ್ಲ. ಉಪಯೋಗದ ಭಾಗವನ್ನು ಜಾಹೀರಾತು ವಿಭಾಗ ಬರೆಯುತ್ತದೆ, ಅಪಾಯದ ಭಾಗವನ್ನು ಕಾನೂನು ವಿಭಾಗ ಬರೆಯುತ್ತದೆ. ಆದರೆ ಓದುಗನನ್ನು ತಲುಪುವ ಪಠ್ಯದಲ್ಲಿ ಆಹ್ವಾನ ಅವನ ಕನ್ನಡದಲ್ಲಿರುತ್ತದೆ, ಎಚ್ಚರಿಕೆ ಅವನದಲ್ಲದ ಕನ್ನಡದಲ್ಲಿರುತ್ತದೆ. ಆದ್ದರಿಂದ ಸರಳಗನ್ನಡ ಬೇಕೆಂಬ ಬೇಡಿಕೆಯಷ್ಟೇ ಸಾಲದು. ಸರಳತೆಯನ್ನು ಎಲ್ಲಿ ಬಳಸಲಾಗಿದೆ, ಎಲ್ಲಿ ತಡೆಹಿಡಿಯಲಾಗಿದೆ ಎಂದು ಕೇಳುವ ವಿಮರ್ಶೆ ಬೇಕು.

೬

ಹಾಗೆಂದು ಜನಬಳಕೆಯ ಪದವೆಲ್ಲವೂ ತಾನೇ ತಾನಾಗಿ ಸರಿಯಾದ ಪದವೆಂದು ನಾನು ಹೇಳುತ್ತಿಲ್ಲ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ರೋಗಕ್ಕೆ ಜನ ಇಟ್ಟ ಹೆಸರು ‘ಮಂಗನ ಕಾಯಿಲೆ’. ಮಂಗಗಳ ಸಾವು ಕಣ್ಣಿಗೆ ಕಾಣುವ ಮುನ್ಸೂಚನೆಯಾದ್ದರಿಂದ ಆ ಹೆಸರು ಅನುಭವದಿಂದ ಹುಟ್ಟಿದ್ದು, ಅರ್ಥಪೂರ್ಣವಾದದ್ದು. ಆದರೆ ರೋಗವನ್ನು ಮನುಷ್ಯನಿಗೆ ದಾಟಿಸುವುದು ಉಣ್ಣಿ. ಹೆಸರು ಮಂಗನನ್ನು ತೋರಿಸುತ್ತದೆ. ಎಚ್ಚರ ವಹಿಸಬೇಕಾದದ್ದು ಕಾಡಿನ ತರಗೆಲೆಯ ಮೇಲೆ, ದನಗಳ ಮೈಮೇಲೆ ಇರುವ ಹುಳುವಿನ ಬಗೆಗೆ. ಆ ಹುಳುವಿಗೂ ಉಣ್ಣಿ, ಉಣುಗು, ಉಣ್ಣೆ ಎಂದು ಪ್ರದೇಶಕ್ಕೊಂದು ಹೆಸರು. ‘ಉಣ್ಣೆಯಿಂದ ಎಚ್ಚರಿಕೆ’ ಎಂದರೆ ಕಂಬಳಿಯ ಉಣ್ಣೆಯನ್ನು ನೆನೆಯುವವರಿಗೆ ಅದು ಏನನ್ನೂ ಹೇಳುವುದಿಲ್ಲ. ಇಲ್ಲಿ ಬೇಕಾಗಿರುವುದು ಪದಪ್ರೇಮವಲ್ಲ, ಪದದ ಬಳಕೆಯ ಭೂಗೋಳ.

೨೦೨೦ರ ಕೋವಿಡ್ ಕಾಲದ ಅನುಭವವೂ ಇದನ್ನೇ ಹೇಳುತ್ತದೆ. ‘ಸೋಂಕು’ ಎಂಬ ಹಳೆಯ ಕನ್ನಡ ಪದ, ಮುಟ್ಟು ತಾಗು ಎಂಬ ತನ್ನ ಮೂಲಾರ್ಥದೊಡನೆಯೇ, ಯಾರೂ ವಿವರಿಸಬೇಕಾಗಿಲ್ಲದಂತೆ ಎಲ್ಲರ ಮಾತಿನಲ್ಲೂ ನೆಲೆಯೂರಿತು. ಅದೇ ವೇಳೆಗೆ ‘ಸಾಮಾಜಿಕ ಅಂತರ’ ಎಂಬ ಪದಶಃ ಅನುವಾದವೂ ಬಂದಿತು. ಮುಟ್ಟಬಾರದವರೆಂದು ಜನರನ್ನು ದೂರ ನಿಲ್ಲಿಸಿದ ಸಮಾಜದಲ್ಲಿ ಆ ನುಡಿಗಟ್ಟು ಏನನ್ನು ಧ್ವನಿಸುತ್ತದೆಂದು ಆ ಪದವನ್ನು ಚಲಾವಣೆಗೆ ತಂದವರು ಯೋಚಿಸಿರಲಿಲ್ಲ. ‘ದೈಹಿಕ ಅಂತರ’ ಎಂಬ ತಿದ್ದುಪಡಿ ಬರುವ ಹೊತ್ತಿಗೆ ಮೊದಲ ಪದ ಗೋಡೆಗಳ ಮೇಲೇರಿತ್ತು. ‘ಪಾಸಿಟಿವ್’ ಎಂಬುದನ್ನು ಮಾತ್ರ ಜನ ಇಂಗ್ಲಿಷಿನಲ್ಲೇ ಉಳಿಸಿಕೊಂಡರು. ‘ಧನಾತ್ಮಕ’ ಅವರಿಗೆ ಬೇಕಾಗಲಿಲ್ಲ. ದೇಶ್ಯ, ಸಂಸ್ಕೃತ, ಇಂಗ್ಲಿಷ್ ಇವುಗಳಲ್ಲಿ ಯಾವುದು ಎಲ್ಲಿ ಸಲ್ಲುತ್ತದೆ ಎಂಬುದನ್ನು ಸಿದ್ಧಾಂತದಿಂದ ಮುಂಚಿತವಾಗಿ ತೀರ್ಮಾನಿಸಲಾಗದು ಎಂಬುದಕ್ಕೆ ಇದು ನಿದರ್ಶನ.

ನೋವಿನ ಪದಗಳ ವಿಷಯದಲ್ಲಂತೂ ನಮ್ಮ ಅಜ್ಞಾನ ಎದ್ದು ಕಾಣುತ್ತದೆ. ರೊನಾಲ್ಡ್ ಮೆಲ್ಜಾಕ್ ೧೯೭೫ರಲ್ಲಿ ಪ್ರಕಟಿಸಿದ ಮೆಕ್‌ಗಿಲ್ ನೋವಿನ ಪ್ರಶ್ನಾವಳಿಯು ಇಂಗ್ಲಿಷಿನ ನೋವಿನ ವಿಶೇಷಣಗಳನ್ನು ವರ್ಗೀಕರಿಸಿ ರೋಗನಿದಾನಕ್ಕೆ ನೆರವಾಯಿತು. ಕನ್ನಡದಲ್ಲಿ ಉರಿ, ಸೆಳೆತ, ಸಿಡಿತ, ಚುಚ್ಚು, ಹಿಂಡು, ನುಲಿ, ಜುಮುಜುಮು, ಮರಗಟ್ಟು ಎಂದು ಎಷ್ಟೋ ಪದಗಳಿವೆ. ಉತ್ತರ ಕರ್ನಾಟಕದ ‘ಬ್ಯಾನಿ’, ‘ಜಡ್ಡು’ಗಳಿಗೂ ಹಳೆಯ ಮೈಸೂರಿನ ‘ಸೀಕು’ವಿಗೂ ವ್ಯತ್ಯಾಸವಿದೆ. ಕರಾವಳಿಯ ರೋಗಿ ಮನೆಯಲ್ಲಿ ತುಳುವಿನಲ್ಲೋ ಬ್ಯಾರಿಯಲ್ಲೋ ನರಳಿ, ಆಸ್ಪತ್ರೆಯಲ್ಲಿ ಕನ್ನಡದ ನಮೂನೆಗೆ ಸಹಿ ಹಾಕುತ್ತಾನೆ. ಇವುಗಳಲ್ಲಿ ಯಾವ ಪದ ಯಾವ ಬಗೆಯ ನೋವನ್ನು ಎಲ್ಲಿ ಸೂಚಿಸುತ್ತದೆ ಎಂದು ತೋರಿಸುವ, ಎಲ್ಲರಿಗೂ ಎಟುಕುವ ಕೋಶವೊಂದು ಪ್ರತಿಯೊಬ್ಬ ಅನುವಾದಕ ಸಂದಿಗ್ಧದಲ್ಲಿ ಸಿಕ್ಕಾಗ ಬೇಕಾಗುತ್ತದೆ. ಕಲಬುರಗಿಗೂ ಚಾಮರಾಜನಗರಕ್ಕೂ ಒಂದೇ ನಮೂನೆ ಹೋಗುತ್ತಿರುವಾಗ ಇದರ ಅಗತ್ಯ ಸ್ಪಷ್ಟ.

೭

ನನ್ನ ವಾದಕ್ಕೆ ಬರಬಹುದಾದ ಎರಡು ಆಕ್ಷೇಪಣೆಗಳನ್ನು ಪರಿಶೀಲಿಸಬೇಕು. ಅನುವಾದಕರಿಗೆ ಸ್ವಾತಂತ್ರ್ಯ ಕೊಟ್ಟರೆ ತಪ್ಪುಗಳು ನುಸುಳುತ್ತವೆ, ಔಷಧದ ಪ್ರಮಾಣ ತಪ್ಪಿದರೆ ಜೀವಕ್ಕೇ ಅಪಾಯ ಎಂಬುದು ಮೊದಲನೆಯದು. ಇದು ನ್ಯಾಯವಾದ ಆತಂಕ. ಪ್ರಮಾಣ, ವೇಳೆ, ಅಪಾಯದ ಸಾಧ್ಯತೆ ಇವುಗಳಲ್ಲಿ ಮೂಲನಿಷ್ಠೆ ಬೇಕೇ ಬೇಕು; ಅಲ್ಲಿ ಹಿಮ್ಮುಖ ಅನುವಾದಕ್ಕೆ ಸ್ಥಾನವಿದೆ. ಅದನ್ನು ಏಕೈಕ ಅಳತೆಗೋಲಾಗಿ ಮಾಡುವುದನ್ನು ಮಾತ್ರ ನಾನು ವಿರೋಧಿಸುತ್ತಿದ್ದೇನೆ. ಓದಿದವರಿಂದ ಅವರದೇ ಮಾತಿನಲ್ಲಿ ಮರಳಿ ಹೇಳಿಸುವ ಪರೀಕ್ಷೆ ಅದರ ಜೊತೆಗೆ ಇರಬೇಕು.

ಎರಡನೆಯದು ನಮ್ಮ ಒಳಗಿನಿಂದಲೇ ಬರುವಂಥದ್ದು. ಇದು ಮಾರುಕಟ್ಟೆಯ ಕೆಲಸ, ಸಂಶೋಧನೆಯಲ್ಲ ಎಂಬ ಮಾತು ವಿಭಾಗಗಳಲ್ಲಿ ಕೇಳಿಬರುತ್ತದೆ. ಸಲಹೆಗಾರಿಕೆಯ ಮಿತಿಗಳನ್ನು ನಾನು ಅಲ್ಲಗಳೆಯುವುದಿಲ್ಲ. ಹಣ ಕೊಡುವವರು ಪ್ರಶ್ನೆಯನ್ನೂ ನಿರ್ಧರಿಸುತ್ತಾರೆ. ಗೋಪ್ಯತೆಯ ಒಪ್ಪಂದದಿಂದಾಗಿ ಒಂದು ಯೋಜನೆಯಲ್ಲಿ ಕಂಡುಕೊಂಡದ್ದು ಇನ್ನೊಂದಕ್ಕೆ ದೊರೆಯುವುದಿಲ್ಲ. ರೋಗಿಗಳು ಕಲಿಸಿದ ಕನ್ನಡ ಕಂಪನಿಯ ಕಡತದೊಳಗೆ ಸೇರಿಹೋಗುತ್ತದೆ. ಆದರೆ ವಿಶ್ವವಿದ್ಯಾಲಯಗಳು ಈ ಕ್ಷೇತ್ರದಿಂದ ದೂರವಿರಬೇಕು ಎಂಬುದಕ್ಕೆ ಇದು ಕಾರಣವಾಗಲಾರದು. ಮುಕ್ತವಾಗಿ ಪ್ರಕಟಿಸಬಲ್ಲವರು, ಪ್ರಾಯೋಜಕನ ಹಂಗಿಲ್ಲದೆ ಪ್ರಶ್ನಿಸಬಲ್ಲವರು ಅಲ್ಲಿ ಮಾತ್ರ ಇದ್ದಾರೆ. ಯಂತ್ರಾನುವಾದವು ಈಗಾಗಲೇ ಇರುವ ಪಠ್ಯಗಳಿಂದ ಕಲಿಯುವುದರಿಂದ, ಇಂದಿನ ಸಮ್ಮತಿಪತ್ರದ ಕನ್ನಡವೇ ನಾಳೆಯ ಯಂತ್ರದ ಕನ್ನಡವಾಗುವ ಸಾಧ್ಯತೆಯೂ ಇದೆ. ವಿಳಂಬಕ್ಕೆ ಬೆಲೆ ತೆರಬೇಕಾಗುತ್ತದೆ.

ನಮ್ಮ ಪರಂಪರೆಯೂ ಈ ಕೆಲಸಕ್ಕೆ ಹೊರತಾದುದಲ್ಲ. ಜಗದ್ದಳ ಸೋಮನಾಥ ಪೂಜ್ಯಪಾದನ ಸಂಸ್ಕೃತ ಗ್ರಂಥವನ್ನು ಕನ್ನಡಕ್ಕೆ ತಂದದ್ದು ಕನ್ನಡ ಬಲ್ಲ ವೈದ್ಯರಿಗಾಗಿ. ಆಧುನಿಕ ಕಾಲದಲ್ಲಿ ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರು ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ಗಳನ್ನು ಬರೆದಾಗ ಅವರ ಎದುರಿಗೆ ಇದ್ದದ್ದು ಇಂಗ್ಲಿಷಿನ ಪರಿಶೀಲಕನಲ್ಲ, ಕೇಳಲು ಸಂಕೋಚಪಡುವ ಕನ್ನಡದ ಹೆಣ್ಣುಮಗಳು. ಆ ಗದ್ಯ ಯಾವ ಓದುಗರಿಗೆ ಉತ್ತರದಾಯಿಯಾಗಿತ್ತು ಎಂಬುದು ವಾಕ್ಯವಾಕ್ಯದಲ್ಲೂ ತಿಳಿಯುತ್ತದೆ. ಅಂಥ ಬರಹವನ್ನು ನಾವು ‘ಜನಪ್ರಿಯ ವೈದ್ಯಸಾಹಿತ್ಯ’ವೆಂದು ಬದಿಗಿರಿಸಿದೆವು. ಅದರ ಶೈಲಿಯನ್ನು ಅಭ್ಯಸಿಸಿದ್ದರೆ ಇಂದು ಒಂದು ಮಾದರಿ ನಮ್ಮ ಕೈಯಲ್ಲಿರುತ್ತಿತ್ತು.

೮

ಕನ್ನಡ ಅಭಿವೃದ್ಧಿ ಪ್ರಾಧಿಕಾರವು ೨೦೨೪ರಲ್ಲಿ ಸರಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯುವಂತಾಗಬೇಕೆಂದು ಆರೋಗ್ಯ ಸಚಿವರನ್ನು ಕೋರಿತು. ಆಶಯ ಸ್ವಾಗತಾರ್ಹ. ಆದರೆ ಲಿಪಿ ಕನ್ನಡವಾದ ಮಾತ್ರಕ್ಕೆ ಅರ್ಥ ಕನ್ನಡವಾಗದು ಎಂಬುದಕ್ಕೆ ಸಮ್ಮತಿಪತ್ರವೇ ಸಾಕ್ಷಿ. ಅದು ಬಹುಕಾಲದಿಂದ ಕನ್ನಡ ಲಿಪಿಯಲ್ಲಿಯೇ ಇದೆ. ಆದ್ದರಿಂದ ಕನ್ನಡ ವಿಭಾಗಗಳು ಕೈಗೊಳ್ಳಬಹುದಾದ ಕೆಲವು ಕಾರ್ಯಗಳನ್ನು ಸೂಚಿಸಬಯಸುತ್ತೇನೆ.

ಮೊದಲನೆಯದು, ನೈತಿಕ ಸಮಿತಿಗಳಲ್ಲಿ ಪಾಲ್ಗೊಳ್ಳುವಿಕೆ. ೨೦೧೯ರ ನಿಯಮಗಳ ಪ್ರಕಾರ ಔಷಧ ಪ್ರಯೋಗಗಳನ್ನು ಪರಿಶೀಲಿಸುವ ಸಮಿತಿಯಲ್ಲಿ ಕನಿಷ್ಠ ಏಳು ಮಂದಿ ಸದಸ್ಯರಿರಬೇಕು, ಅವರಲ್ಲಿ ಒಬ್ಬರು ಸಾಮಾನ್ಯ ನಾಗರಿಕರಾಗಿರಬೇಕು. ಆ ಸದಸ್ಯರು ಸ್ಥಳೀಯ ಭಾಷೆಯನ್ನೂ ಸಮುದಾಯದ ಮೌಲ್ಯಗಳನ್ನೂ ಅರಿತವರಾಗಿರಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ೨೦೧೭ರ ಮಾರ್ಗಸೂಚಿಗಳು ಹೇಳುತ್ತವೆ. ಜಿಲ್ಲಾ ಕೇಂದ್ರದ ಕಾಲೇಜಿನ ಕನ್ನಡ ಅಧ್ಯಾಪಕರಿಗಿಂತ ಈ ಸ್ಥಾನಕ್ಕೆ ಅರ್ಹರು ಯಾರು? ಹೊಸ ಕಾನೂನು ಬೇಕಾಗಿಲ್ಲ. ತಮ್ಮ ಊರಿನ ವೈದ್ಯಕೀಯ ಕಾಲೇಜಿಗೆ ಹೋಗಿ, ನಾವು ಸಿದ್ಧರಿದ್ದೇವೆ ಎಂದು ತಿಳಿಸಿದರೆ ಆರಂಭವಾಗುತ್ತದೆ. ಹಿಮ್ಮುಖ ಅನುವಾದದ ಪ್ರಮಾಣಪತ್ರವನ್ನು ನೋಡಿ ಮುಂದಕ್ಕೆ ಹೋಗುವ ಸಭೆಯಲ್ಲಿ, ಕನ್ನಡ ಪ್ರತಿಯನ್ನು ಕೈಗೆತ್ತಿಕೊಂಡು ಒಂದು ಪುಟವನ್ನು ಗಟ್ಟಿಯಾಗಿ ಓದುವ ಒಬ್ಬ ಸದಸ್ಯರಿದ್ದರೂ ಸಾಕು.

ಎರಡನೆಯದು, ಕಾಯಿಲೆ, ನೋವು, ಮುಟ್ಟು, ಹೆರಿಗೆ, ಮನೋವೇದನೆಗಳ ಜಿಲ್ಲಾವಾರು ಪದಕೋಶ. ಎಂ.ಫಿಲ್., ಪಿಎಚ್.ಡಿ. ಪ್ರಬಂಧಗಳಿಗಾಗಿ ಹಿಂದೆ ನಡೆದ ಉಪಭಾಷಾ ಕ್ಷೇತ್ರಕಾರ್ಯದಲ್ಲಿ ಇದರ ಸಾಮಗ್ರಿ ಚದುರಿಹೋಗಿದೆ. ಅದನ್ನು ಒಟ್ಟುಗೂಡಿಸಿ, ವೈದ್ಯರ ನೆರವಿನಿಂದ ಪರಿಷ್ಕರಿಸಿ, ಎಲ್ಲರಿಗೂ ಮುಕ್ತವಾಗಿ ಒದಗಿಸಬೇಕು. ಮೂರನೆಯದು, ಸ್ನಾತಕೋತ್ತರ ಪಠ್ಯಕ್ರಮದಲ್ಲಿ ಆಡಳಿತ ಕನ್ನಡ, ಮಾಧ್ಯಮ ಕನ್ನಡಗಳ ಜೊತೆಗೆ ಆರೋಗ್ಯ ಕನ್ನಡಕ್ಕೂ ಸ್ಥಾನ. ವಿದ್ಯಾರ್ಥಿಯು ಒಂದು ಸಮ್ಮತಿಪತ್ರವನ್ನು ಮರುಬರೆದು, ಐವರಿಗೆ ಓದಿ ಹೇಳಿ, ಅವರಿಗೆ ಏನು ತಿಳಿಯಿತೆಂದು ದಾಖಲಿಸುವುದೇ ಅದರ ಪರೀಕ್ಷೆಯಾಗಲಿ. ನಾಲ್ಕನೆಯದು, ಇಂಥ ಕೆಲಸವನ್ನು ಸಂಶೋಧನೆಯೆಂದು ಪರಿಗಣಿಸಿ ಅದಕ್ಕೆ ನಮ್ಮ ನಿಯತಕಾಲಿಕಗಳಲ್ಲಿ ಪುಟ ಕೊಡುವುದು.

೨೦೧೧ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇಕಡಾ ೭೫ರಷ್ಟು. ಉಳಿದವರಿಗೆ ಸಮ್ಮತಿಪತ್ರವೆಂದರೆ ಬೇರೆಯವರು ಓದಿ ಹೇಳುವ ಮಾತು. ಓದಿ ಹೇಳುವ ಕಿರಿಯ ವೈದ್ಯನೋ ದಾದಿಯೋ ಕೈಯಲ್ಲಿರುವ ಕನ್ನಡ ತಮಗೇ ತೊಡಕಾದಾಗ ಅದನ್ನು ಬದಿಗಿಟ್ಟು, ತಮಗೆ ತೋಚಿದ ಎರಡು ಮಾತು ಹೇಳಿ ಸಹಿಯ ಜಾಗವನ್ನು ತೋರಿಸುತ್ತಾರೆ. ನೈತಿಕ ಸಮಿತಿ ಒಪ್ಪಿದ ಪಠ್ಯ ಒಂದು, ರೋಗಿ ಕೇಳಿಸಿಕೊಂಡದ್ದು ಇನ್ನೊಂದು. ಈ ಅಂತರವನ್ನು ಕಡಿಮೆ ಮಾಡಲು ಬೇಕಾದ ವಿದ್ಯೆ ನಮ್ಮ ಬಳಿ ಇದೆ. ಅದನ್ನು ಬಳಸುವುದು ಕನ್ನಡ ಅಧ್ಯಯನದ ಹೊಣೆಯೆಂದು ನಾವು ಒಪ್ಪಬೇಕು.